ಸ್ಕೋರು ಬರೆದವಳು

ಪ್ಲುಂಗೆಯ ಒಳಾಂಗಣದಲ್ಲಿ, ಹಳೇ ಅಗಸೆನಾರಿನ ಗಿರಣಿಯ ಹಿಂದೆ,
ಹತ್ತೊಂಬತ್ತು ಚಳಿಗಾಲ ನಾನು ಮೇಜಿಗೆ ಕೂತೆ.
ಹಗಲು ಶಾಲೆಯಲ್ಲಿ ಲೆಕ್ಕದ ಟೀಚರು, ರಾತ್ರಿ ಇಲ್ಲೂ ಲೆಕ್ಕವೇ:
ಆಟದ ಮೊದಲ ಕಾಲು, ಮೂರನೇ ಕಾಲು, ಕೆಂಪು ಶಾಯಿ;
ಎರಡಕ್ಕೆ, ನಾಲ್ಕಕ್ಕೆ ಕಪ್ಪು.
ಬಾಗಿಲು ತೆರೆದಾಗೆಲ್ಲ ಹಿಮ ಒಳನುಗ್ಗಿ
ಪುಟದ ಅಂಚು ತೋಯಿಸುತ್ತಿತ್ತು.

ಸ್ಕಿರ್ಮಾಂತಸ್. ಏಳನೇ ನಂಬರು. ಎಡಗೈ.
ಅವನಪ್ಪನಿಗೂ ಹೀಗೇ, ಅಜ್ಜನಿಗೂ ಹೀಗೇ;
ಆ ಮನೆಯ ಒಲೆಗೆ ಕಡ್ಡಿ ಗೀರಬೇಕಿಲ್ಲ
ಎಂದು ಬೀದಿಯವರ ಮಾತು.
ಚೆಂಡು ಕೈಗೆ ಬಂತೆಂದರೆ
ನೋಡುವವರಿಗೆ ಮೊದಲು ಕಾಣುತ್ತಿದ್ದುದು ತಪ್ಪು:
ಅಯ್ಯೋ, ಯಾರೂ ಇಲ್ಲದ ಕಡೆ ಎಸೆದುಬಿಟ್ಟ!
ಆಮೇಲೆ ನೋಡಿದರೆ ಆ ಯಾರೂ ಇಲ್ಲದ ಕಡೆ
ವೀತೇನಿಸ್ ಬಂದು ನಿಂತಿರುತ್ತಿದ್ದ,
ಬರುವವನಿದ್ದೆ ಎಂದು ತನಗೇ ಗೊತ್ತಿರದವನಂತೆ.
ಎರಡು ಅಂಕ. ವೀತೇನಿಸ್ ಹೆಸರಿಗೆ. ಬರೆದೆ.

ಮೂಗಿನ ತುದಿಯಲ್ಲಿ ಸಿಟ್ಟು ಅನ್ನುತ್ತಾರೆ.
ಇವನದು ಬೆರಳ ತುದಿಯಲ್ಲಿತ್ತು,
ಅಲ್ಲೇ, ಚೆಂಡಿನ ಮಗ್ಗುಲಲ್ಲೇ,
ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳಲು ಬಾರದ ಹಾಗೆ.
ಕೈತಪ್ಪಿದ ಚೆಂಡಿಗೆ ಬಿದ್ದು ಮೊಣಕೈ ಸುಲಿದುಕೊಂಡವನೂ ಅವನೇ,
ಗೆದ್ದ ಪಂದ್ಯದ ಕೊನೇ ನಿಮಿಷ ಕುರ್ಚಿ ಒದ್ದವನೂ ಅವನೇ.
ನೀರು ಕುಡಿ, ಹತ್ತರವರೆಗೆ ಎಣಿಸು, ಅಂದ ಕೋಚು.
ಎಣಿಸಿದ ಒಂದು ಪಂದ್ಯ ನನಗೆ ನೆನಪಿದೆ.
ಸೌಮ್ಯವಾಗಿದ್ದ. ಎಲ್ಲ ಪಾಸೂ ಇರುವವರಿಗೇ ಹೋದವು.
ಹದಿನೆಂಟು ಅಂಕದಿಂದ ಸೋತೆವು.

ಕೌನಾಸಿನ ದೊಡ್ಡ ಕ್ಲಬ್ಬಿನವರು ಬಂದ ರಾತ್ರಿ:
ಉದ್ದ ಕೋಟಿನ ಇಬ್ಬರು, ಮೂರನೇ ಸಾಲು, ತೊಡೆಯ ಮೇಲೆ ಪುಸ್ತಕ.
ಅರ್ಧ ಆಟಕ್ಕೇ ಬರೆಯುವುದು ಬಿಟ್ಟು ಸುಮ್ಮನೆ ನೋಡುತ್ತಿದ್ದರು.
ಮೂರನೇ ಕಾಲು. ರೆಫರಿ ಏನೋ ಅಂದ, ಇವನು ಏನೋ ಅಂದ,
ಚೆಂಡು ಮೇಲೇರಿ ಗಡಿಯಾರದ ಗಾಜಿಗೆ ಬಡಿಯಿತು.
ನನ್ನ ಮೇಜಿನ ತುಂಬ ಸಕ್ಕರೆ ಚೆಲ್ಲಿದ ಹಾಗೆ ಚೂರು.
ಕೋಟುಗಳೆರಡೂ ಎದ್ದು ಗುಂಡಿ ಹಾಕಿಕೊಂಡವು.
ಟೆಕ್ನಿಕಲ್ ಫೌಲಿಗೆ ಒಂದು 'ಟಿ'. ಕೆಂಪು ಶಾಯಿ.

ಅಲ್ಲಿಂದಾಚೆ ಅವನ ಹೆಸರು ಅವನಿಗಿಂತ ಮುಂಚಿನ
ಬಸ್ಸು ಹಿಡಿಯುತ್ತಿತ್ತು.
ತೆಲ್ಶ್ಯಾಯ್, ಕ್ರೆತಿಂಗ, ಎಲ್ಲಿ ಹೋದರೂ
ಇವನು ಬೂಟಿನ ಲೇಸು ಕಟ್ಟುವ ಹೊತ್ತಿಗೆ
ಅದು ಅಂಕಣವನ್ನು ಎರಡು ಸುತ್ತು ಹಾಕಿಯಾಗಿರುತ್ತಿತ್ತು.
ಪತ್ರಿಕೆಯ ಹುಡುಗನಿಗೂ ಆಟ ಬೇಕಿರಲಿಲ್ಲ;
ಇವತ್ತು ಏನು ಒಡೀತಾನೆ, ಎಂದು ನನ್ನನ್ನೇ ಕೇಳಿದ.

ಈಗ ಹೇಳಲೇಬೇಕಾದ್ದು.
ಫೆಬ್ರವರಿ, ನಾಲ್ಕನೇ ಕಾಲು. ಎದುರಾಳಿ ಹುಡುಗ ಬಿದ್ದ.
ಸ್ಕಿರ್ಮಾಂತಸ್ ದಾಪುಗಾಲಲ್ಲಿ ಅವನತ್ತ ಹೋಗಿ ಕೈ ಚಾಚಿದ.
ಎತ್ತಲೆಂದು.
ನನ್ನ ಮೇಜಿನಿಂದ ಮೂರು ಮೀಟರು. ಅಂಗೈ ಬಿಚ್ಚಿತ್ತು,
ಬೆವರೂ ಕಂಡೆ.
ಸೀಟಿ ಬಿತ್ತು. ಆ ದಿನದ ಎರಡನೇ ಟಿ, ಆಟದಿಂದ ಹೊರಗೆ.
ಮುಂದಿನ ಸಾಲಿನವರು ಕುರ್ಚಿಗಳನ್ನು ಹಿಂದಕ್ಕೆಳೆದುಕೊಂಡರು.
ಅವನು ಏನೂ ಒದೆಯಲಿಲ್ಲ.
ಮೇಜಿನ ಬಳಿ ಬಂದು, ನನ್ನ ಪೆನ್ನನ್ನೇ ನೋಡುತ್ತ,
"ಬರೀರಿ, ಟೀಚರ್" ಅಂದ.
ಭಿನ್ನರಾಶಿ ನಾನೇ ಕಲಿಸಿದ್ದೆ ಅವನಿಗೆ.
ಬರೆದೆ. ಕಪ್ಪು ಶಾಯಿ. ಅಕ್ಷರ ದುಂಡಗೇ ಇದೆ.

ವೀತೇನಿಸನ ಫೋಟೋ ಈಗ ಬಾಗಿಲ ಮೇಲಿದೆ.
ಒಳ್ಳೆಯವನು, ತಾಳ್ಮೆಯವನು, ಸುಳ್ಳಲ್ಲ;
ಎರಡು ಸಾವಿರದ ನಾನೂರ ಆರು ಅಂಕ, ಅದೂ ನನ್ನದೇ ಲೆಕ್ಕ.
ಸ್ಕಿರ್ಮಾಂತಸ್ ಪುರಸಭೆಯ ಹಿಮ ತಳ್ಳುವ ಟ್ರ್ಯಾಕ್ಟರು ಓಡಿಸುತ್ತಾನೆ.
ಬೆಳಗಿನ ಐದಕ್ಕೆ, ಅಡ್ಡ ನಿಲ್ಲಿಸಿದ ಯಾವನದೋ ಕಾರಿಗೆ ಬೈಯುವುದು
ನನ್ನ ಕಿಟಕಿಗೆ ಕೇಳುತ್ತದೆ.

ಬಿಟ್ಟು ಬರುವ ದಿನ ಸ್ಕೋರು ಪುಸ್ತಕಗಳನ್ನು ಕಟ್ಟಿ ಮನೆಗೆ ತಂದೆ.
ಅವನ ಸಾಲಿನಲ್ಲಿ ಅಂಕ ವಿರಳ, ತಪ್ಪಿನ ಐದೂ ಮನೆ ಭರ್ತಿ.
ಆ ಪಾಸುಗಳನ್ನು ಹುಡುಕಿದೆ.
ಹಾಕಿದವನಿಗೆ ಜಾಗ ಉಂಟು, ತಪ್ಪಿದವನಿಗೆ ಜಾಗ ಉಂಟು,
ಕೊಟ್ಟವನಿಗೆ ನಮ್ಮ ಹಾಳೆಯಲ್ಲಿ ಕಾಲಮ್ಮೇ ಇಲ್ಲ.
ಹಿಮ ತೋಯಿಸಿ ಸುಕ್ಕಾದ ಅಂಚಿನಲ್ಲಿ
ಪೆನ್ಸಿಲ್ಲಿನಿಂದ ಒಂದು ಗೀಟು ಎಳೆದೆ, ಇನ್ನೊಂದು ಎಳೆದೆ,
ಎಷ್ಟಕ್ಕೆ ನಿಲ್ಲಿಸಬೇಕೆಂದು ತಿಳಿಯಲಿಲ್ಲ.